ಮಳೆಗಾಲಕ್ಕೆ ಎಷ್ಟು ಚೀಲ?

(ಒಬ್ಬಾಕೆ ಕಾರವಾರದಲ್ಲಿ ಕಿರಾಣಿ ಸಗಟು ಅಂಗಡಿ ನಡೆಸುತ್ತಾರೆ. ಇನ್ನೊಬ್ಬರು ಅಂಕೋಲೆಯಲ್ಲಿ ಬಹುಕಾಲ ಲಾರಿ ಬುಕಿಂಗ್ ಆಫೀಸು ಇಟ್ಟುಕೊಂಡಿದ್ದವರು. ಏಪ್ರಿಲ್ ಕೊನೆಯ ಮಾತು.)

ಅಂಗಡಿಯವಳು: ಅಣ್ಣ, ಈ ಮಳೆಗಾಲಕ್ಕೆ ಗೋದಾಮಿನಲ್ಲಿ ಎಷ್ಟು ಮಾಲು ಹಾಕಿಡಲಿ? ಅಪ್ಪ ಮೇ ತಿಂಗಳಲ್ಲೇ ಗೋದಾಮು ತುಂಬಿಸಿ ಬಾಗಿಲು ಹಾಕ್ತಿದ್ರು. ನಮ್ಮ ಆಡಿಟರ್ ಹೇಳ್ತಾರೆ, ಅದು ಹಳೇ ಪದ್ಧತಿ, ಇವತ್ತು ಹುಬ್ಬಳ್ಳಿಗೆ ಫೋನ್ ಮಾಡಿದ್ರೆ ನಾಳೆ ಲಾರಿ ಬರ್ತದೆ, ಬ್ಯಾಂಕಿನ ಓವರ್‌ಡ್ರಾಫ್ಟ್ ಮೇಲೆ ಬಡ್ಡಿ ಕಟ್ಟಿ ಚೀಲ ಯಾಕೆ ಪೇರಿಸಿಡ್ತೀರಿ ಅಂತ.

ಲಾರಿಯವರು: ಇಬ್ಬರೂ ಸರಿ. ಆಡಿಟರ್ ಹತ್ರ ಬಡ್ಡಿ ಲೆಕ್ಕ ಇದೆ, ನಿನ್ನ ಅಪ್ಪನ ಹತ್ರ ಘಟ್ಟದ ಲೆಕ್ಕ ಇತ್ತು. ನೀನು ಮಾತ್ರ ತಪ್ಪು ಪ್ರಶ್ನೆ ಕೇಳ್ತಿದ್ದೀಯ. ‘ಎಷ್ಟು ಮಾಲು’ ಅಂತ ಕೇಳಬಾರದು ತಂಗಿ. ಯಾವ ಮಾಲು, ಯಾವ ದಾರಿ ಅಂತ ಕೇಳಬೇಕು.

ಅಂಗಡಿಯವಳು: ದಾರಿ ಒಂದೇ ಅಲ್ದಾ? ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆ, ಕಾರವಾರ.

ಲಾರಿಯವರು: ಅದೇ ತೊಂದರೆ. ಒಂದೇ ದಾರಿ. 2024ರ ಜುಲೈ ನೆನಪು ಮಾಡ್ಕೊ. ಮೊದಲು ನಿಂತದ್ದು ರೈಲು. 9, 10ನೇ ತಾರೀಕಿಗೆ ಗೋವಾದ ಪೆರ್ನೆಮ್ ಹತ್ರ ಸುರಂಗದೊಳಗೆ ನೀರು ಉಕ್ಕಿ ಕೊಂಕಣ ರೈಲು ಬಂದಾಯ್ತು. ವಾರದೊಳಗೆ, 16ನೇ ತಾರೀಕು, ಶಿರೂರಿನಲ್ಲಿ ಗುಡ್ಡ ಇಳಿದು ಬಂದು ಹೆದ್ದಾರಿ ಮೇಲೆ ಕೂತಿತು. ಚಹಾ ಅಂಗಡಿ, ಅಲ್ಲಿದ್ದ ಮನೆಮಂದಿ, ಬದಿಗೆ ನಿಂತ ಲಾರಿ, ಎಲ್ಲ ಗಂಗಾವಳಿ ನದಿ ಪಾಲು. ಆಮೇಲೆ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಮೇಲಿದ್ದ ಲಾರಿ ಸಮೇತ. ಚಾಲಕ ಬದುಕಿದ್ದೇ ಪುಣ್ಯ. ಒಂದು ತಿಂಗಳೂ ತುಂಬಿರಲಿಲ್ಲ, ಅಷ್ಟರೊಳಗೆ ಉತ್ತರದ ರೈಲು, ದಕ್ಷಿಣದ ರಸ್ತೆ, ಗೋವಾ ಕಡೆಯ ಸೇತುವೆ, ಮೂರಕ್ಕೂ ಪೆಟ್ಟು.

ಅಂಗಡಿಯವಳು: ಮರೆಯೂದು ಹೇಗೆ? ಆದರೆ ಆಗ ನನಗೆ ಅರ್ಥವಾಗದೇ ಉಳಿದ ಒಂದು ಸಂಗತಿ ಇದೆ. ಶಿರೂರು ಇರೂದು ಅಂಕೋಲೆಯ ದಕ್ಷಿಣಕ್ಕೆ. ಹುಬ್ಬಳ್ಳಿ ರಸ್ತೆ ಅಂಕೋಲೆಗೇ ಬಂದು ಸೇರ್ತದೆ, ಶಿರೂರು ಮುಟ್ಟೂದೇ ಇಲ್ಲ. ಹಾಗಿದ್ದೂ ನನ್ನ ಅಂಗಡಿಯಲ್ಲಿ ತೊಗರಿ ಬೇಳೆ ಖಾಲಿಯಾಯ್ತು. ಎಂತಕ್ಕೆ?

ಲಾರಿಯವರು: ಎರಡು ಕಾರಣ. ಕರಾವಳಿಗುಂಟ ಮಂಗಳೂರಿಂದ ಗೋವಾಕ್ಕೆ ಓಡುವ ಗಾಡಿಗಳಿಗೆ ಹೆದ್ದಾರಿ ಮುಚ್ಚಿದ ಮೇಲೆ ಘಟ್ಟ ಹತ್ತಿ ಸುತ್ತಿ ಇಳಿಯದೆ ಬೇರೆ ಗತಿ ಇರಲಿಲ್ಲ. ನಿನ್ನ ದಾರಿ ಮುಚ್ಚಿರಲಿಲ್ಲ, ಆದರೆ ಬೇರೆಯವರ ಗಾಡಿಯೆಲ್ಲ ಘಟ್ಟದ ರಸ್ತೆಗಳ ಮೇಲೇ ಬಂತು. ಟ್ರಿಪ್ಪಿಗೆ ಹಿಡಿಯುವ ಹೊತ್ತು ಹೆಚ್ಚಿತು, ಚಾಲಕರು ಬಾಡಿಗೆ ಏರಿಸಿದರು. ಅದರ ಮೇಲೆ ಕಾಗದದ ಕಾಟ. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಹುಬ್ಬಳ್ಳಿಯಿಂದ ಕಾರವಾರ ಅದರೊಳಗೇ ಬರ್ತದೆ, ಹಾಗಾಗಿ ನಿನಗೆ ಅದು ತಲೆಬಿಸಿಯಲ್ಲ. ಮಂಗಳೂರಿಂದ ಎಣ್ಣೆ ಡಬ್ಬ ತರಿಸಿದವನ ಗಾಡಿ ಸುತ್ತು ಹಾಕಿ ಎಲ್ಲೋ ಸರತಿಯಲ್ಲಿ ನಿಂತಿತು ಅಂದ್ಕೊ. ಅವಧಿ ಮುಗಿಯುವ ಎಂಟು ತಾಸು ಮೊದಲು ಅಥವಾ ಮುಗಿದ ಎಂಟು ತಾಸಿನೊಳಗೆ ಕಂಪ್ಯೂಟರಿನಲ್ಲಿ ಕಾರಣ ಬರೆದು ಬಿಲ್ಲು ಮುಂದಕ್ಕೆ ಹಾಕಿಸ್ಕೊಬೇಕು. ಕಾರಣದ ಪಟ್ಟಿಯಲ್ಲಿ ನೈಸರ್ಗಿಕ ವಿಕೋಪ ಅಂತಲೂ ಇದೆ. ಆದರೆ ಅದನ್ನು ಮಾಡೋರು ಯಾರು? ಕಾಡಿನ ನಡುವೆ ಸಿಗ್ನಲ್ ಇಲ್ಲದ ಕಡೆ ನಿಂತ ಚಾಲಕನಾ?

ಅಂಗಡಿಯವಳು: ಎರಡನೇ ಕಾರಣ?

ಲಾರಿಯವರು: ಎರಡನೇದು ನೀನೇ.

ಅಂಗಡಿಯವಳು: ನಾನಾ?

ಲಾರಿಯವರು: ನೀನು, ನಿನ್ನ ಪಕ್ಕದವನು, ಸದಾಶಿವಗಡದ ಚಿಲ್ಲರೆ ಅಂಗಡಿಯವನು, ಕೋಡಿಬಾಗದ ಗಿರಾಕಿ, ಎಲ್ಲರೂ. ಟಿವಿಯಲ್ಲಿ ಗುಡ್ಡ ಕುಸಿದದ್ದು ನೋಡಿ ಮನೆಗೆ ಎರಡು ಕಿಲೋ ಬೇಳೆ ಒಯ್ಯುವವರು ನಾಲ್ಕು ಕಿಲೋ ಒಯ್ದರು. ಚಿಲ್ಲರೆ ಅಂಗಡಿಯವನು, ‘ವ್ಯಾಪಾರ ಎರಡು ಪಟ್ಟಾಯ್ತು, ಇನ್ನೂ ಏರಬಹುದು’ ಅಂತ ನಿನ್ನ ಹತ್ರ ಮೂರು ಪಟ್ಟು ಕೇಳಿದ. ನೀನು ಅಮರಗೋಳದ ಎಪಿಎಂಸಿ ದಲ್ಲಾಳಿಗೆ ಐದು ಪಟ್ಟು ಬರೆಸಿದೆ. ಆತ ಹೆದರಿ ದರ ಏರಿಸಿದ. ಊರಿನವರು ಉಣ್ಣುವ ಅನ್ನ ಮಾತ್ರ ಮೊದಲಿನಷ್ಟೇ. ಆಗಸ್ಟ್ ಕೊನೆಗೆ ಏನಾಯ್ತು ಹೇಳು.

ಅಂಗಡಿಯವಳು: ಹೇಳೂದೇನು, ಬೇಳೆ ರಾಶಿ ಬಿತ್ತು. ಗಣೇಶ ಚೌತಿವರೆಗೂ ಒಂದು ಚೀಲ ಹೊಸತಾಗಿ ತರಿಸಲಿಲ್ಲ. ಕೆಳಗಿನ ಸಾಲಿಗೆ ನುಸಿ ಹಿಡೀತು.

ಲಾರಿಯವರು: ಇದು ಕಾರವಾರದ ರೋಗ ಅಲ್ಲ. ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡಯಾಪರ್ ಲೆಕ್ಕ ತೆಗೆದಾಗ ಇದೇ ಕಂಡದ್ದು. ಮಗುವಿಗೆ ಬೇಕಾದ ಡಯಾಪರ್ ತಿಂಗಳಿಂದ ತಿಂಗಳಿಗೆ ಹೆಚ್ಚುಕಮ್ಮಿ ಒಂದೇ. ಅಂಗಡಿಯ ಮಾರಾಟ ಸ್ವಲ್ಪ ಏರಿಳಿತ, ಸಗಟು ವ್ಯಾಪಾರಿಯ ಆರ್ಡರಿನಲ್ಲಿ ಅದಕ್ಕಿಂತ ಹೆಚ್ಚು, ಕಂಪನಿ ತಾನೇ ಕಚ್ಚಾ ಮಾಲಿಗೆ ಹಾಕುವ ಆರ್ಡರಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಕೆಳಗಿನವರ ಅಂದಾಜಿನ ಮೇಲೆ ಮೇಲಿನವರು ತಮ್ಮದೊಂದು ಅಂದಾಜು ಕಟ್ಟಿದರೆ ಹೀಗೇ ಆಗೂದು.

ಅಂಗಡಿಯವಳು: ಹಾಗಾದರೆ ದಾರಿ ಮುಚ್ಚಿದ್ದು ನೆಪ, ಸುದ್ದಿ ಸಿಗದೇ ಇದ್ದದ್ದು ಕಾರಣ ಅಂತೀರಾ?

ಲಾರಿಯವರು: ಅರ್ಧ ಹಾಗೇ. ನೀನು ಒಮ್ಮೆ ಬೈತಖೋಲದ ಮೀನು ಬಂದರಿಗೆ ಹೋಗಿ ನಿಂತು ನೋಡು. ಅವರಿಗೆ ಗೋದಾಮಿನ ಸುಖವೇ ಇಲ್ಲ. ಬಂಗಡೆ ನಾಳೆಗೆ ಉಳಿಯೂದಿಲ್ಲ. ಹಾಗಾಗಿ ಮಾಲಿಗಿಂತ ಮೊದಲು ಸುದ್ದಿ ದಡಕ್ಕೆ ಬರಬೇಕು. ಬೋಟು ಫೋನಿನ ರೇಂಜಿಗೆ ಬಂದ ಕೂಡಲೇ ಅದನ್ನು ನಡೆಸುವ ತಾಂಡೇಲ ಏಜೆಂಟನಿಗೆ ಹೇಳ್ತಾನೆ, ಬಂಗಡೆ ಇಷ್ಟು, ತಾರ್ಲೆ ಇಷ್ಟು. ಏಜೆಂಟ ಗೋವಾಕ್ಕೊಂದು, ಮಂಗಳೂರಿಗೊಂದು, ಕೇರಳಕ್ಕೊಂದು ಫೋನ್ ಹಾಕ್ತಾನೆ. ಬೋಟು ಧಕ್ಕೆ ಮುಟ್ಟುವ ಹೊತ್ತಿಗೆ ಯಾವ ಲಾರಿಗೆ ಎಷ್ಟು ಕ್ರೇಟು, ಎಷ್ಟು ಐಸು ಅಂತ ಗೊತ್ತಾಗಿರ್ತದೆ. ಐಸ್ ಗಡ್ಡೆ ಹುಡಿ ಮಾಡುವ ಮಷಿನ್ನಿನ ಸದ್ದು ಕೇಳ್ತಾ ಇರುವಾಗಲೇ ದರ ಕುದುರಿರ್ತದೆ. ಮೀನು ಹೊತ್ತು ಮಾರುವ ಹೆಂಗಸರೂ ಅಷ್ಟೇ. ಯಾವ ಕೇರಿಯಲ್ಲಿ ಇವತ್ತು ಮದುವೆ, ಯಾವ ಮನೆಯಲ್ಲಿ ಸೋಮವಾರದ ವ್ರತ, ಎಲ್ಲ ತಲೆಯೊಳಗೆ. ಬುಟ್ಟಿಯಲ್ಲಿ ಎಷ್ಟು ತುಂಬಿಸಬೇಕು ಅಂತ ತೀರ್ಮಾನವಾಗೂದು ಅಲ್ಲಿ.

ಅಂಗಡಿಯವಳು: ಅವರಿಗೂ ಒಮ್ಮೊಮ್ಮೆ ನೆಲ ಕಚ್ತದಲ್ಲ. ಪರ್ಸಿನ್ ಬೋಟುಗಳಿಗೆ ಒಟ್ಟಿಗೇ ಮೀನು ಬಿದ್ದ ದಿನ ದರ ಕೇಳೋರೇ ಇಲ್ಲ.

ಲಾರಿಯವರು: ಬೀಳ್ತದೆ. ಐಸು ಸಾಲೂದಿಲ್ಲ, ಲಾರಿ ಸಾಲೂದಿಲ್ಲ, ಉಳಿದದ್ದು ಫಿಶ್‌ಮೀಲ್ ಕಾರ್ಖಾನೆಗೆ. ಸುದ್ದಿ ಎಷ್ಟು ಬೇಗ ಓಡಿದರೂ ಶೀತಲ ಕೋಣೆಯ ಕೆಲಸ ಅದು ಮಾಡೂದಿಲ್ಲ. ಹಿಂದೆ ರಂಪಣಿ ಬಲೆ ಇದ್ದಾಗ ಮೀನಿಗೂ ಒಂದು ಗೋದಾಮು ಇತ್ತು ಗೊತ್ತಾ? ಉಪ್ಪು. ಊರಿಗೆ ಊರೇ ಬಲೆ ಎಳೆದು ಬಂಗಡೆ ರಾಶಿ ಬಿದ್ದರೆ, ಸರ್ಕಾರಿ ಮೀನು ಸಂಸ್ಕರಣೆ ಅಂಗಳದಲ್ಲಿ ಸುಂಕವಿಲ್ಲದ ಉಪ್ಪು ಕೊಡ್ತಿದ್ರು, ಅಲ್ಲೇ ಸೀಳಿ ಹಾಕೂದು. ಆ ಮೀನು ಘಟ್ಟದ ಮೇಲಿನವರಿಗೆ ಮಳೆಗಾಲದ ಊಟ. ಈಗಲೂ ಮೇ ತಿಂಗಳಲ್ಲಿ ಒಣಮೀನು ಕೊಳ್ಳಲು ಘಟ್ಟದಿಂದ ಜನ ಇಳೀತಾರಲ್ಲ, ಅದು ಅದರದ್ದೇ ಉಳಿಕೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಂತ ಪ್ರತಿ ವರ್ಷ ಗೊತ್ತಿದ್ದದ್ದೇ. ಆ 61 ದಿನ ಬೋಟಿನವರು ಬಲೆ ಹೊಲೀತಾರೆ, ಎಂಜಿನ್ ಬಿಚ್ತಾರೆ. ಬಂದ್ ಆಗುವ ತಾರೀಕು ಮೊದಲೇ ಗೊತ್ತಿದ್ದರೆ ಬಂದ್ ಕೂಡ ವ್ಯಾಪಾರದ ಒಂದು ಭಾಗವೇ. ಅರಬೈಲು ತಾರೀಕು ಹೇಳಿ ಕುಸಿಯೂದಿಲ್ಲ, ಅಷ್ಟೇ ವ್ಯತ್ಯಾಸ.

ಅಂಗಡಿಯವಳು: ಸರಿ, ಸುದ್ದಿ ಸಿಗುವಲ್ಲಿ ದಾಸ್ತಾನು ಕಮ್ಮಿ, ಸಿಗದಲ್ಲಿ ಜಾಸ್ತಿ. ಪಟ್ಟಿ ಮಾಡಿ ಹೇಳಿ.

ಲಾರಿಯವರು: ಅಕ್ಕಿ ಹಾಕು. ಅಕ್ಕಿಗೆ ಆರು ತಿಂಗಳು ಏನೂ ಆಗೂದಿಲ್ಲ, ಹಳತಾದಷ್ಟೂ ಗಿರಾಕಿಗೆ ಖುಷಿ. ನಿನಗೆ ದಿನಕ್ಕೆ ಹತ್ತು ಚೀಲ ಖರ್ಚು ಅಂದ್ಕೊ. ಮಾಲು ಬರಲು ಸಾಧಾರಣ ಎರಡು ದಿನ ಆದರೆ ಇಪ್ಪತ್ತು ಚೀಲ ಉಳಿದಾಗ ಫೋನ್ ಮಾಡಿದ್ರೆ ಸಾಕು ಅಂತ ಆಡಿಟರ್ ಲೆಕ್ಕ. ಬೇಸಿಗೆಗೆ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಎರಡು ದಿನ ಅಂತ ಬರೀಬೇಡ, ಹತ್ತು ದಿನ ಅಂತ ಬರಿ. ಅಂದ್ರೆ ನೂರು ಚೀಲಕ್ಕಿಂತ ಕೆಳಗೆ ಇಳಿಯಗೊಡಬೇಡ. ಎಂಬತ್ತು ಚೀಲದ ಮೇಲೆ ನಾಲ್ಕು ತಿಂಗಳ ಬಡ್ಡಿ ಎಷ್ಟು ಅಂತ ಆಡಿಟರ್‌ಗೇ ಕೇಳು. ಅದು ಘಟ್ಟಕ್ಕೆ ನೀನು ಕಟ್ಟುವ ವಿಮೆ.

ಅಂಗಡಿಯವಳು: ಅಪ್ಪ ಅಷ್ಟೇ ಮಾಡ್ತಿದ್ರು, ಬಾಯಲ್ಲಿ ಹೇಳಲಿಲ್ಲ. ಉಪ್ಪು?

ಲಾರಿಯವರು: ಉಪ್ಪು ಹಾಕು. ಸಾಣಿಕಟ್ಟೆಯದ್ದು ಬೇಸಿಗೆಯಲ್ಲೇ ತಯಾರಾಗೂದು, ಮಳೆ ಬಿದ್ದ ಮೇಲೆ ಗದ್ದೆಯಲ್ಲಿ ನೀರು. ಕೆಳಗೆ ಹಲಗೆ, ಮೇಲೆ ತಾಡಪಾಲು, ಗೋಡೆಯಿಂದ ಒಂದು ಮೊಳ ದೂರ. ಬೆಲ್ಲ ಬೇಡ. ಜುಲೈಗೆ ನೀರೊಡೆದು ಚೀಲ ತೊಟ್ಟಿಕ್ತದೆ. ಬ್ಯಾಡಗಿ ಮೆಣಸೂ ಬೇಡ, ಬೂಷ್ಟು ಹಿಡೀತದೆ. ಅದು ಹುಬ್ಬಳ್ಳಿಯ ಶೀತಲ ಗೃಹದಲ್ಲೇ ಇರಲಿ ಬಿಡು, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತರಿಸು. ಬೇಳೆ ಒಂದು ತಿಂಗಳದ್ದು, ಅದಕ್ಕಿಂತ ಹೆಚ್ಚು ಇಟ್ಟರೆ ನುಸಿಗೆ ಇಟ್ಟ ಹಾಗೆ. ಈರುಳ್ಳಿ ನಿನಗೇ ಗೊತ್ತು. ಹಾಲು ನಿನ್ನ ಕೈಯಲ್ಲಿಲ್ಲ, ದಿನಾ ರಾತ್ರಿ ಘಟ್ಟದ ಮೇಲಿಂದ ಬರಬೇಕು. ಹಾಲಿನ ಪುಡಿ ಎರಡು ಪೆಟ್ಟಿಗೆ ಇಟ್ಟಿರು, ಚಹಾ ಅಂಗಡಿಯವರು ನಿನಗೆ ಕೈಮುಗೀತಾರೆ.

ಅಂಗಡಿಯವಳು: ಒಂದೇ ದಾರಿ ಇರೂದೇ ತೊಂದರೆ ಅಂತ ಶುರುವಿಗೆ ಹೇಳಿದ್ರಿ. ಎರಡನೇ ದಾರಿ ಎಲ್ಲಿದೆ?

ಲಾರಿಯವರು: ರಸ್ತೆ ನೀನು ಕಡಿಸಲಾರೆ. ವ್ಯಾಪಾರಿಯನ್ನು ಮಾತ್ರ ಬದಲಿಸಬಲ್ಲೆ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಜಾರಿತು, ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದಲ್ಲಿ ಸೇತುವೆಯೇ ಕೊಚ್ಚಿ ಹೋಯ್ತು, ಕಳಚೆ ಊರು ಜರಿಯಿತು. ಆ ಸಲ ಕರಾವಳಿ ರಸ್ತೆ ಕೈಹಿಡೀತು, 2024ರಲ್ಲಿ ಅದೇ ಕೈಕೊಟ್ಟಿತು. ಹಾಗಾಗಿ ಎಣ್ಣೆಗೆ, ಸಕ್ಕರೆಗೆ ಹುಬ್ಬಳ್ಳಿಯವನೊಬ್ಬ, ಉಡುಪಿ ಇಲ್ಲವೇ ಮಂಗಳೂರಿನವನೊಬ್ಬ. ಎರಡನೆಯವನ ದರ ಕಿಲೋಗೆ ಐವತ್ತು ಪೈಸೆ ಹೆಚ್ಚಾದರೂ ತಿಂಗಳಿಗೊಂದು ಲೋಡು ಅವನ ಹತ್ರ ತಗೋ. ಆಪತ್ತಿನ ದಿನ ಹೊಸಬಳಾಗಿ ಹೋಗಿ ಉದ್ರಿ ಕೇಳಿದ್ರೆ ಯಾರು ಕೊಡ್ತಾರೆ? 2011ರಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆಯ್ತಲ್ಲ, ಟೊಯೊಟಾ ಕಂಪನಿ ಆಮೇಲೆ ಮಾಡಿದ್ದೂ ಇದನ್ನೇ. ‘ಬೇಕಾದಾಗ ಬೇಕಾದಷ್ಟೇ’ ಅಂತ ಜಗತ್ತಿಗೆ ಪಾಠ ಹೇಳಿದ ಕಂಪನಿ. ಪೆಟ್ಟು ತಿಂದ ಮೇಲೆ, ಬಿಡಿಭಾಗ ಮಾಡಿಕೊಡುವವರ ಹಿಂದಿನವರು ಯಾರು, ಅವರ ಹಿಂದಿನವರು ಯಾರು ಅಂತ ಪತ್ತೆ ಮಾಡಿ, ಎಲೆಕ್ಟ್ರಾನಿಕ್ ಚಿಪ್‌ನಂಥ ಕೆಲವನ್ನು ತಿಂಗಳುಗಟ್ಟಲೆ ದಾಸ್ತಾನು ಇಡಲು ಹೇಳಿತು. ಎಲ್ಲವನ್ನೂ ಅಲ್ಲ, ಕೆಲವನ್ನು.

ಅಂಗಡಿಯವಳು: ಬಾಡಿಗೆ ಮಾತು ಬರಲಿ. ನಮ್ಮ ಊರಿಗೆ ಬಾಡಿಗೆ ಯಾವಾಗಲೂ ದುಬಾರಿ. ನಿಮ್ಮವರೇ ಸುಲಿದದ್ದು.

ಲಾರಿಯವರು: (ನಗುತ್ತ) ಬೈ ಮಾರಾಯ್ತಿ. ಆದರೆ ಕೇಳು. ಹುಬ್ಬಳ್ಳಿಯಿಂದ ತುಂಬಿ ಬಂದ ಲಾರಿ ವಾಪಸ್ ಏನು ಒಯ್ಯಬೇಕು? ಇಲ್ಲಿಂದ ಮೇಲೆ ಹೋಗುವ ಮಾಲು ಕಡಿಮೆ ಏನಲ್ಲ. ಕಾರವಾರ ಬಂದರಿಗೆ ಬರುವ ಡಾಂಬರು ಹೋಗೂದು ಟ್ಯಾಂಕರಿನಲ್ಲಿ. ಬಿಣಗಾ ಕಾರ್ಖಾನೆಯ ಕಾಸ್ಟಿಕ್ ಸೋಡಾ ಹೋಗೂದೂ ಟ್ಯಾಂಕರಿನಲ್ಲೇ. ಮೀನು ಹೋಗೂದು ಪೆಟ್ಟಿಗೆ ಗಾಡಿಯಲ್ಲಿ, ಆ ಗಾಡಿಗೆ ಅಕ್ಕಿ ಹಾಕಿದ್ರೆ ನಿನ್ನ ಗಿರಾಕಿ ಮುಖಕ್ಕೆ ಎಸೀತಾನೆ. ಹಾಗಾಗಿ ನಿನ್ನ ಬೇಳೆ ತಂದ ಲಾರಿ ಬರಿಗೈಯಲ್ಲಿ ಘಟ್ಟ ಹತ್ತಬೇಕು, ಆ ಡೀಸೆಲ್ಲೂ ನಿನ್ನ ಬಿಲ್ಲಿಗೇ. ಸುಲಿಗೆಗಿಂತ ಇದೇ ಹೆಚ್ಚು. ತೆಂಗಿನಕಾಯಿ, ಗೇರು ಅಂತ ಒಂದಿಷ್ಟು ವಾಪಸ್ ಲೋಡು ಗೊತ್ತುಮಾಡಿ ಕೊಡುವ ವ್ಯಾಪಾರಿಗೆ ನಾನು ಬಾಡಿಗೆ ಬಿಟ್ಟೇ ಕೊಡ್ತಿದ್ದೆ.

ಅಂಗಡಿಯವಳು: ಹುಬ್ಬಳ್ಳಿ–ಅಂಕೋಲಾ ರೈಲು ಬಂದಿದ್ರೆ ಇದೆಲ್ಲ ತಪ್ತಿತ್ತು.

ಲಾರಿಯವರು: ಕಳೆದ ಶತಮಾನದಲ್ಲಿ ಮಂಜೂರಾದ ರೈಲು. ಕಾಡು, ಹುಲಿ, ಕೋರ್ಟು, ಮೂರೂ ಅಡ್ಡ ಇವೆ. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು, ಮತ್ತೆ ಕೋರ್ಟಿಗೆ ಹೋಯ್ತು. ಆ ಕಾಡು ಕಡಿಯಬೇಕೋ ಅಂತ ಕೇಳಿದರೆ ನನ್ನ ಉತ್ತರ ಬೇಡ ಅಂತಲೇ. ಬೇಡ ಅಂದವನಿಗೆ ಲಾರಿ ಬಾಡಿಗೆ ದುಬಾರಿ ಅನ್ನುವ ಹಕ್ಕಿಲ್ಲ, ಅದೂ ನನಗೆ ಗೊತ್ತು. ಕೊಂಕಣ ರೈಲಿನವರು 1999ರಿಂದ ಲಾರಿಯನ್ನೇ ರೈಲಿಗೆ ಹತ್ತಿಸಿ ಒಯ್ತಾರೆ, ಈಗ ಮಹಾರಾಷ್ಟ್ರದ ಕೋಲಾಡದಿಂದ ಸುರತ್ಕಲ್‌ವರೆಗೆ. ನಮ್ಮ ಮೂಗಿನ ಮುಂದೇ ಹೋಗ್ತದೆ. ನಿನಗೇನು ಬಂತು?

ಅಂಗಡಿಯವಳು: ನಮ್ಮ ಊರಿನ ಹಣೆಬರಹವೇ ಅದು. ಎಲ್ಲರ ಮಾಲೂ ನಮ್ಮ ಮೇಲೆ ಹಾದು ಹೋಗ್ತದೆ.

ಲಾರಿಯವರು: ಇದು ಹಳೇ ಕಥೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಒಳಗಿನ ಯುದ್ಧ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಧಾರವಾಡದ ಹತ್ತಿಗೆ ಬಂದರು ಬೇಕು ಅಂತ ಮ್ಯಾಂಚೆಸ್ಟರಿನವರ ಕಣ್ಣು ಸದಾಶಿವಗಡ, ಕಾರವಾರದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದ್ದೇ ಆ ಗಡಿಬಿಡಿಯಲ್ಲಿ. ಅಲ್ಲಿಯವರೆಗೆ ಹತ್ತಿ ಇಳೀತಿದ್ದದ್ದು ಕುಮಟೆಗೆ. ಬೆಳೆದದ್ದು ಧಾರವಾಡದಲ್ಲಾದರೂ ಮುಂಬೈ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಘಟ್ಟಕ್ಕೆ ರಸ್ತೆ ಕಡಿದರು, ಬಂದರಿನ ಮಾತಾಡಿದರು. 1888ರಲ್ಲಿ ರೈಲು ಮಾತ್ರ ಗೋವಾದ ಮರ್ಮಗೋವಾಕ್ಕೆ ಹೋಯ್ತು, ಹತ್ತಿಯೂ ಅದರ ಹಿಂದೆ ಹೋಯ್ತು. ಕುಮಟೆ, ಕಾರವಾರ ಎರಡೂ ಕೈಬಾಯಿ ಒರೆಸಿಕೊಂಡವು.

ಅಂಗಡಿಯವಳು: ಕಬ್ಬಿಣದ ಅದಿರಿನ ಕಾಲ ನೀವೇ ನೋಡಿದವರು.

ಲಾರಿಯವರು: ನೋಡಿದೆ, ಉಂಡೆ ಕೂಡ. ಹೊಸಪೇಟೆಯಿಂದ ಬೇಲೆಕೇರಿ ಬಂದರಿನವರೆಗೆ ಕೆಂಪು ಧೂಳಿನ ಒಂದೇ ಸಾಲು. ಗಣಿಯಲ್ಲಿ ತುಂಬಿದ ಲಾರಿ ಬಂದರಿನಲ್ಲಿ ಖಾಲಿಯಾಗುವವರೆಗೆ ಎಲ್ಲೂ ನಿಲ್ಲಬಾರದು ಅಂತ ಎಷ್ಟು ಚೊಕ್ಕ ವ್ಯವಸ್ಥೆ! ವೇಗ, ಬೆಲೆ, ಪ್ರಮಾಣ, ಯಾವ ಕಾಲೇಜಿನಲ್ಲಾದರೂ ಪೂರ್ತಿ ಅಂಕ ಬರ್ತಿತ್ತು. ಮಾಲು ಎಲ್ಲಿಯದು, ಪರವಾನಗಿ ಯಾರದ್ದು ಅಂತ ಕೇಳುವ ಜಾಗ ಮಾತ್ರ ಖಾಲಿ ಇತ್ತು. 2010ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಅದಿರೇ ಬಂದರಿನಿಂದ ಮಾಯವಾಯ್ತು. ಜುಲೈಯಲ್ಲಿ ಸರ್ಕಾರ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು, ಮುಂದಿನ ವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ. ಸಾಲ ಮಾಡಿ ಲಾರಿ ತೆಗೆದ ನಮ್ಮ ಹುಡುಗರು ಕಂತು ಕಟ್ಟಲಾಗದೆ ಫೈನಾನ್ಸಿನವರಿಗೆ ಬೀಗದ ಕೈ ಕೊಟ್ಟರು. ಒಂದೇ ಮಾಲು, ಒಂದೇ ಗಿರಾಕಿ ನಂಬಿದ್ದಕ್ಕೆ.

ಅಂಗಡಿಯವಳು: ಈಗ ಕೇಣಿ ಬಂದರು. ಅದು ಬಂದರೆ ನಮಗೆ ಅನುಕೂಲ ಅಂತ ಪೇಟೆಯಲ್ಲಿ ಮಾತು.

ಲಾರಿಯವರು: 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಕಂಪನಿಗೆ ಕೊಟ್ಟದ್ದು. 4,119 ಕೋಟಿ ರೂಪಾಯಿ, ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯ. ಕೇಣಿಯ ಮೀನುಗಾರರು ಬೇಡ ಅಂತ ಬೀದಿಗಿಳಿದಿದ್ದಾರೆ. ಅವರ ಬಲೆ ಒಣಗುವ ದಂಡೆ ಅದು, ಅವರ ಮಾತನ್ನು ಮೊದಲು ಕೇಳಬೇಕು. ಇನ್ನು ನಿನ್ನ ಮಾತು. ಅಂಥ ಬಂದರು ಕಟ್ಟೂದು ರಾಶಿ ರಾಶಿ ಮಾಲಿಗೆ. ನಿನ್ನ ತೊಗರಿ ಬೇಳೆ ಹಡಗಿನಲ್ಲಿ ಬರೂದಿಲ್ಲ. ಅದೇ ರಸ್ತೆಯ ಮೇಲೆ ಲಾರಿ ಹೆಚ್ಚಾದರೆ ಘಟ್ಟದಲ್ಲಿ ನಿನ್ನ ಬೇಳೆ ಇನ್ನೂ ಹಿಂದೆ ನಿಲ್ತದೆ.

ಅಂಗಡಿಯವಳು: ನೀವು ಎಲ್ಲದಕ್ಕೂ ಬೇಡ ಅಂತೀರಿ.

ಲಾರಿಯವರು: ಇಲ್ಲ. ಒಂದಕ್ಕೆ ಬೇಕು ಅಂತೇನೆ. ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಸಿಪ್ಪೆ ತೆಳು, ಹಣ್ಣಾದರೆ ಮೂರು ದಿನ ತಡೆಯೂದಿಲ್ಲ. ಮೇ ತಿಂಗಳಲ್ಲಿ ಅಂಕೋಲೆ ರಸ್ತೆ ಬದಿಗೆ ಹೆಂಗಸರು ಎಲೆ ಹಾಸಿ ಮಾರ್ತಾರೆ, ಬೆಂಗಳೂರಿನವನಿಗೆ ಅದರ ರುಚಿಯೇ ಗೊತ್ತಿಲ್ಲ. ಹೆಸರಿಗೆ ಸರ್ಟಿಫಿಕೇಟು ಬಂತು, ಹಣ್ಣಿಗೆ ತಂಪು ಗಾಡಿ ಬರಲಿಲ್ಲ. ಬೈತಖೋಲದ ಮೀನಿನವರ ತಂಪು ಗಾಡಿಗಳು ಜೂನ್‌ನಿಂದ ಎರಡು ತಿಂಗಳು ಸುಮ್ಮನೆ ನಿಲ್ತವೆ. ಅವನ್ನೇ ಹಣ್ಣಿಗೆ ಬಳಸೋಣ ಅಂದ್ರೆ ವಾಸನೆ ಹೋಗುವಂತೆ ತೊಳೆಯೂದು ಸುಲಭ ಅಲ್ಲ, ಹಣ್ಣಿನ ಕಾಲವೂ ಅಷ್ಟರೊಳಗೆ ಮುಗೀತಾ ಬಂದಿರ್ತದೆ. ಹಾಗಾಗಿ ಅದು ಆಗದ ಮಾತು. ಎರಡು ಸಣ್ಣ ಹೊಸ ಗಾಡಿ ಸಾಕು, ಊರಿನ ಸೊಸೈಟಿಯೊಂದು ಮನಸ್ಸು ಮಾಡಿದರೆ.

ಅಂಗಡಿಯವಳು: ಮತ್ತೆ ನನ್ನ ಪ್ರಶ್ನೆಗೆ ಬನ್ನಿ. ಸುದ್ದಿ ಅಂದ್ರಲ್ಲ. ನನಗೆ ಬೈತಖೋಲದ ತಾಂಡೇಲ ಇಲ್ಲ. ನಾನು ಯಾರ ಸುದ್ದಿ ಕೇಳಲಿ?

ಲಾರಿಯವರು: ನಿನ್ನ ಪಕ್ಕದ ಅಂಗಡಿಯವನದ್ದು. ಕಾರವಾರದಲ್ಲಿ ಸಗಟು ವ್ಯಾಪಾರಿಗಳು ಎಷ್ಟು ಜನ ಇದ್ದೀರಿ? ಕೈಬೆರಳಿನ ಲೆಕ್ಕ. ಒಬ್ಬೊಬ್ಬರೂ ಬೇರೆಯವರ ಗೋದಾಮು ಖಾಲಿ ಅಂತ ತಿಳಿದು ಆರ್ಡರ್ ಹಾಕ್ತೀರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಈ ನಾಲ್ಕರದ್ದೇ ಚೀಲದ ಲೆಕ್ಕ ಒಬ್ಬರಿಗೊಬ್ಬರು ಹೇಳಿ. ಕೊಂಡ ದರ ಹೇಳಬೇಡಿ, ಉದ್ರಿ ಯಾರಿಗೆ ಎಷ್ಟು ಅಂತಲೂ ಹೇಳಬೇಡಿ. ಚೀಲ ಮಾತ್ರ.

ಅಂಗಡಿಯವಳು: ಅವರು ಸುಳ್ಳು ಹೇಳ್ತಾರೆ.

ಲಾರಿಯವರು: ಮೊದಲ ವರ್ಷ ಹೇಳ್ತಾರೆ. ಹಮಾಲರು ಎಲ್ಲರ ಗೋದಾಮಿಗೂ ಅವರೇ, ಎರಡನೇ ವಾರಕ್ಕೆ ಸುಳ್ಳು ಬಯಲಿಗೆ ಬರ್ತದೆ. ಜಿಲ್ಲಾ ಕಚೇರಿಯವರಿಗೂ ಅದೇ ಪಟ್ಟಿ ಕೊಡಿ. ಗುಡ್ಡ ಕುಸಿದ ದಿನ, ‘ಊರಿನಲ್ಲಿ ಹದಿನೈದು ದಿನದ ಅಕ್ಕಿ ಇದೆ’ ಅಂತ ಅವರು ಒಂದು ಮಾತು ಹೇಳಿದರೆ ಕೋಡಿಬಾಗದ ಗಿರಾಕಿ ಎರಡೇ ಕಿಲೋ ಬೇಳೆ ಒಯ್ತಾನೆ.

ಅಂಗಡಿಯವಳು: ಸಂಘದ ಸಭೆ ಮಳೆ ಶುರುವಾದ ಮೇಲೆ ಇದೆ. ಅಲ್ಲಿ ಎತ್ತಲಾ?

ಲಾರಿಯವರು: ಮೇ 15ರೊಳಗೆ ಕರೆಸು. ಅಕ್ಕಿಗೆ ಆರ್ಡರ್ ಈ ವಾರವೇ ಹಾಕು. ಬೆಲ್ಲ ಬೇಡ.